ಜೇಬಿನ ಚಿಲ್ಲರೆಯಲ್ಲೇ ನಾಣ್ಯ ಸಂಗ್ರಹ: ಶುರು ಮಾಡುವುದು ಹೇಗೆ?

"ವೈಷ್ಣೋದೇವಿ ಚಿತ್ರ ಇರುವ 5 ರೂಪಾಯಿ ನಾಣ್ಯ ನಿಮ್ಮ ಹತ್ತಿರ ಇದ್ದರೆ 10 ಲಕ್ಷ ಗ್ಯಾರಂಟಿ" ಅನ್ನುವ ವಿಡಿಯೊ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರುತ್ತದೆ. ಬಂದ ಮೇಲೆ ಮನೆಯಲ್ಲಿ ಏನಾಗುತ್ತದೆ ಅಂತ ಗೊತ್ತೇ ಇದೆ. ಬೀರುವಿನ ಮೇಲಿದ್ದ ಹಳೇ ಡಬ್ಬಿ ಕೆಳಗಿಳಿಯುತ್ತದೆ. ಚಿಲ್ಲರೆಯೆಲ್ಲ ನೆಲಕ್ಕೆ. ಒಬ್ಬರು ಕನ್ನಡಕ ಹುಡುಕುತ್ತಾರೆ, ಇನ್ನೊಬ್ಬರು ಮೊಬೈಲಿನಲ್ಲಿ ರೇಟು ಹುಡುಕುತ್ತಾರೆ. ಅರ್ಧ ಗಂಟೆ ಬಿಟ್ಟು ಎಲ್ಲ ಮತ್ತೆ ಡಬ್ಬಿಗೆ ಹೋಗುತ್ತದೆ.

ಆ 10 ಲಕ್ಷದ ಕಥೆ ಸುಳ್ಳು, ಅದಕ್ಕೆ ಆಮೇಲೆ ಬರೋಣ. ಆದರೆ ನೆಲಕ್ಕೆ ಸುರಿದ ಚಿಲ್ಲರೆಯಲ್ಲಿ ನೋಡುವುದಕ್ಕೆ ಬೇಕಾದಷ್ಟಿದೆ, ಎಲ್ಲಿ ನೋಡಬೇಕು ಅಂತ ಗೊತ್ತಿದ್ದರೆ. ಯುಪಿಐ ಬಂದ ಮೇಲೆ ಕೈಗೆ ಚಿಲ್ಲರೆ ಬರೋದೇ ಕಮ್ಮಿಯಾಗಿದೆ. ಟೀ ಅಂಗಡಿಯಲ್ಲೂ ಸ್ಕ್ಯಾನ್ ಮಾಡಿ ಹೊರಡುತ್ತೇವೆ. ಹಾಗಾಗಿ ಇನ್ನೂ ಬರುತ್ತಿರುವ ನಾಣ್ಯವನ್ನು ಒಂದು ಸಲ ತಿರುಗಿಸಿ ನೋಡಲು ಇದು ಒಳ್ಳೇ ಸಮಯ.

ಇಲ್ಲಿ ಹೇಳುತ್ತಿರುವುದು ಜೇಬಿಗೆ ಬರುವ ನಾಣ್ಯಗಳ ಬಗ್ಗೆ ಮಾತ್ರ. ವಿಜಯನಗರದ ವರಾಹ, ಟಿಪ್ಪು ಕಾಲದ ಆನೆ ಕಾಸು, ಇವೆಲ್ಲ ಬೇರೆ ಲೋಕ. ಅದಕ್ಕೆ ದುಡ್ಡೂ ಬೇಕು, ಅಸಲಿ ನಕಲಿ ಗುರುತಿಸುವ ಕಣ್ಣೂ ಬೇಕು. ಚಿಲ್ಲರೆಯಲ್ಲಿ ಶುರು ಮಾಡಿದರೆ ಕಳೆದುಕೊಳ್ಳುವುದು ಏನೂ ಇಲ್ಲ, ಯಾಕೆಂದರೆ ಬೇಸರ ಬಂದ ದಿನ ಆ 5 ರೂಪಾಯಿಯನ್ನು ಕೊಟ್ಟು ಕೊತ್ತಂಬರಿ ಸೊಪ್ಪು ತರಬಹುದು.

ನಾಣ್ಯ ಮಾಡುವವರು ಯಾರು?

ನೋಟು, ನಾಣ್ಯ ಎರಡನ್ನೂ ರಿಸರ್ವ್ ಬ್ಯಾಂಕೇ ಹೊರಡಿಸುತ್ತದೆ ಅಂತ ಬಹಳ ಜನ ಅಂದುಕೊಂಡಿರುತ್ತಾರೆ. ನಾಣ್ಯ ಕೇಂದ್ರ ಸರ್ಕಾರದ್ದು. ಯಾವ ಬೆಲೆಯ ನಾಣ್ಯ ಬರಬೇಕು, ಯಾವ ಲೋಹ, ಯಾವ ಚಿತ್ರ ಅಂತ ತೀರ್ಮಾನ ಮಾಡುವ ಅಧಿಕಾರವನ್ನು 2011ರ ನಾಣ್ಯ ಕಾಯ್ದೆ ಸರ್ಕಾರಕ್ಕೆ ಕೊಟ್ಟಿದೆ. ಅದನ್ನು ಚಲಾವಣೆಗೆ ಬಿಡುವ ಕೆಲಸ ಮಾತ್ರ ರಿಸರ್ವ್ ಬ್ಯಾಂಕಿನದು. ಅದಕ್ಕೇ ನೋಟಿನ ಮೇಲೆ ಬ್ಯಾಂಕಿನ ಹೆಸರು, ಗವರ್ನರ್ ಸಹಿ ಇರುತ್ತದೆ, ನಾಣ್ಯದ ಮೇಲೆ ಸಿಂಹ, "ಭಾರತ", "ಇಂಡಿಯಾ" ಅಷ್ಟೇ. ಬ್ಯಾಂಕಿಗೆ 75 ತುಂಬಿದ 2010ರಲ್ಲಿ ಬಂದ ವಿಶೇಷ ನಾಣ್ಯಗಳ ಮಾತು ಬೇರೆ.

ನಾಣ್ಯ ತಯಾರಾಗುವ ಜಾಗಕ್ಕೆ ಟಂಕಸಾಲೆ ಅನ್ನುತ್ತಾರೆ. ದೇಶದಲ್ಲಿ ನಾಲ್ಕಿವೆ: ಮುಂಬೈ, ಕೋಲ್ಕತ್ತಾ, ಹೈದರಾಬಾದ್, ನೋಯ್ಡಾ. ಮೊದಲ ಮೂರು ಹಳೆಯವು. ನೋಯ್ಡಾ 1988ರಲ್ಲಿ ಶುರುವಾಯಿತು. ನಮ್ಮ ಮೈಸೂರಿನಲ್ಲಿ ಇರುವುದು ನೋಟು ಮುದ್ರಣಾಲಯ, ಅಲ್ಲಿ ನಾಣ್ಯ ಮಾಡುವುದಿಲ್ಲ.

ಕೆಲಸದ ಕ್ರಮ ಹೀಗೆ. ಲೋಹದ ಉದ್ದನೆ ಹಾಳೆಯಿಂದ ದುಂಡನೆ ಬಿಲ್ಲೆಗಳನ್ನು ಕತ್ತರಿಸುತ್ತಾರೆ. ಬಿಲ್ಲೆಯ ಸುತ್ತ ಅಂಚು ಸ್ವಲ್ಪ ಎದ್ದು ನಿಲ್ಲುವಂತೆ ಒತ್ತುತ್ತಾರೆ, ಕಾಯಿಸಿ ಮೆತ್ತಗೆ ಮಾಡುತ್ತಾರೆ, ತೊಳೆಯುತ್ತಾರೆ. ಆಮೇಲೆ ಎರಡು ಉಕ್ಕಿನ ಅಚ್ಚುಗಳ ನಡುವೆ ಇಟ್ಟು ಭಾರೀ ಒತ್ತಡದಲ್ಲಿ ಒಂದು ಏಟು. ಎರಡೂ ಬದಿಯ ಚಿತ್ರ ಒಂದೇ ಸಲಕ್ಕೆ ಮೂಡುತ್ತದೆ. 10 ರೂಪಾಯಿಯ ಎರಡು ಬಣ್ಣದ ನಾಣ್ಯದಲ್ಲಿ ಹೊರಗಿನ ಬಳೆ, ಒಳಗಿನ ಬಿಲ್ಲೆ ಬೇರೆ ಬೇರೆ ಇರುತ್ತವೆ, ಆ ಏಟಿಗೇ ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಈ ಕ್ರಮ ನೆನಪಿನಲ್ಲಿರಲಿ, ಮುಂದೆ "ತಪ್ಪು ನಾಣ್ಯ"ದ ವಿಷಯ ಬಂದಾಗ ಬೇಕಾಗುತ್ತದೆ.

ಇಸವಿಯ ಕೆಳಗೆ ನೋಡಿ

ಈಗ ಒಂದು ನಾಣ್ಯ ಕೈಗೆ ತೆಗೆದುಕೊಳ್ಳಿ. 1 ರೂಪಾಯಿ ಆದರೂ ಸರಿ. ಇಸವಿ ಇರುವ ಬದಿಯನ್ನು ಬೆಳಕಿಗೆ ಓರೆಯಾಗಿ ಹಿಡಿದು ಇಸವಿಯ ಕೆಳಗೆ ನೋಡಿ. ಅಲ್ಲಿ ಸಾಸಿವೆಗಿಂತ ಚಿಕ್ಕದೊಂದು ಗುರುತು ಇರಬಹುದು, ಇಲ್ಲದೆಯೂ ಇರಬಹುದು. ಅದು ಟಂಕಸಾಲೆಯ ಗುರುತು. ಗಾಡಿಯ ನಂಬರ್ ಪ್ಲೇಟಿನಲ್ಲಿ ಕೆಎ 09 ಅಂತ ಕಂಡ ತಕ್ಷಣ ಇದು ಮೈಸೂರಿನದು ಅಂತೀವಲ್ಲ, ಈ ಗುರುತಿನ ಕೆಲಸವೂ ಅದೇ.

ವಜ್ರದ ಆಕಾರ, ಅಂದರೆ ಇಸ್ಪೀಟಿನ ಡೈಮಂಡ್ ಇದ್ದರೆ ಮುಂಬೈ. ಐದು ಮೂಲೆಯ ನಕ್ಷತ್ರ ಇದ್ದರೆ ಹೈದರಾಬಾದ್. ದುಂಡನೆ ಚುಕ್ಕಿ ನೋಯ್ಡಾದ್ದು. ಏನೂ ಇಲ್ಲದಿದ್ದರೆ ಕೋಲ್ಕತ್ತಾ. ಇಷ್ಟು ಗೊತ್ತಾದರೆ ಈಗಿನ ಚಿಲ್ಲರೆಯಲ್ಲಿ ಹೆಚ್ಚುಕಮ್ಮಿ ಎಲ್ಲದಕ್ಕೂ ಊರು ಹೇಳಬಹುದು. ಹೈದರಾಬಾದಿನ 1950-60ರ ದಶಕದ ನಾಣ್ಯಗಳಲ್ಲಿ ನಕ್ಷತ್ರದ ಬದಲು ನಡುವೆ ಸೀಳಿದ ವಜ್ರ, ಒಳಗೆ ಚುಕ್ಕಿ ಇರುವ ವಜ್ರ, ಹೀಗೆಲ್ಲ ಇದೆ. ಅದು ಸದ್ಯಕ್ಕೆ ಬೇಡ.

ಒಂದು ತೊಡಕಿದೆ. ಕೈಯಿಂದ ಕೈಗೆ ಓಡಾಡಿದ ನಾಣ್ಯದಲ್ಲಿ ವಜ್ರದ ಮೂಲೆಗಳು ಸವೆದು ಅದೂ ಚುಕ್ಕಿಯಾಗಿಯೇ ಕಾಣುತ್ತದೆ. ಮುಂಬೈಯೋ ನೋಯ್ಡಾವೋ ಗೊತ್ತಾಗಲ್ಲ. ಬರಿಗಣ್ಣಿನಲ್ಲಿ ಜಗಳ ಆಡುವ ಬದಲು ಫೋನಿನ ಕ್ಯಾಮೆರಾದಲ್ಲಿ ಹತ್ತಿರದಿಂದ ಫೋಟೊ ತೆಗೆದು ದೊಡ್ಡದು ಮಾಡಿ ನೋಡಿ. ಇದರ ರುಚಿ ಹತ್ತಿದ ಮೇಲೆ, ವಾಚ್ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಹತ್ತು ಪಟ್ಟಿನ ಭೂತಗನ್ನಡಿ ಒಂದನ್ನು ತೆಗೆದುಕೊಂಡರೆ ಸಾಕು, ಬೇರೆ ಉಪಕರಣ ಯಾವುದೂ ಬೇಕಾಗಿಲ್ಲ.

ಇಲ್ಲೇ ಮಜಾ ಶುರುವಾಗೋದು. ಕೆಲವು ನಾಣ್ಯಗಳಲ್ಲಿ ಈ ನಾಲ್ಕೂ ಅಲ್ಲದ ಗುರುತು ಸಿಗುತ್ತದೆ. 1980ರ ದಶಕದಲ್ಲಿ ಮತ್ತೆ 1990ರ ದಶಕದ ಕೊನೆಯಲ್ಲಿ ನಮ್ಮ ಟಂಕಸಾಲೆಗಳಿಂದ ಬೇಕಾದಷ್ಟು ನಾಣ್ಯ ಮಾಡಲಾಗದೆ ಸರ್ಕಾರ ಹೊರದೇಶಗಳಿಂದ ಮಾಡಿಸಿ ತರಿಸಿತ್ತು. 1985ರ 1 ರೂಪಾಯಿಯಲ್ಲಿ ಇಸವಿಯ ಕೆಳಗೆ ಇಂಗ್ಲಿಷಿನ "ಎಚ್" ಇದ್ದರೆ ಅದು ಬರ್ಮಿಂಗ್‌ಹ್ಯಾಮಿನ ಹೀಟನ್ ಟಂಕಸಾಲೆಯದು. ಅದೇ 1985ರ ರೂಪಾಯಿಯಲ್ಲಿ ವಜ್ರದ ಗುರುತು ಇಸವಿಯ ನಡುವಿನ ಕೆಳಗಿರದೆ ಮೊದಲ ಅಂಕಿ 1ರ ಕೆಳಗೆ ಕೂತಿದ್ದರೆ ಅದು ಮುಂಬೈ ಅಲ್ಲ, ವೇಲ್ಸ್‌ನ ಲ್ಯಾಂಟ್ರಿಸೆಂಟಿನಿಂದ ಹಡಗು ಹತ್ತಿ ಬಂದದ್ದು. 1997-98ರ 1 ರೂಪಾಯಿಯಲ್ಲಿ "ಎಂ" ಅಕ್ಷರದ ಮೇಲೆ ಪುಟ್ಟ ಸೊನ್ನೆ ಕಂಡರೆ ಮೆಕ್ಸಿಕೊ. 1998ರ ನಂತರದ ಕೆಲವಲ್ಲಿ "ಎಂಕೆ" ಅಂತಿದ್ದರೆ ಸ್ಲೊವಾಕಿಯಾದ ಕ್ರೆಮ್ನಿತ್ಸಾ ಅನ್ನುವ ಊರು. ಇನ್ನು 1999-2000ರ ದಪ್ಪ 5 ರೂಪಾಯಿಯಲ್ಲಿ "ಎಂಎಂಡಿ"ಯನ್ನು ರಷ್ಯನ್ ಅಕ್ಷರದಲ್ಲಿ ಬರೆದದ್ದು ಸಿಕ್ಕರೆ ಅದು ಮಾಸ್ಕೋದಿಂದ ಬಂದಿದೆ. ಇವು ಮ್ಯೂಸಿಯಂ ವಸ್ತುಗಳಲ್ಲ, ಚಿಲ್ಲರೆಯಲ್ಲಿ ಓಡಾಡಿದ ನಾಣ್ಯಗಳೇ. ಇಪ್ಪತ್ತೈದು ವರ್ಷದಿಂದ ಚೀಲದಿಂದ ಚೀಲಕ್ಕೆ ಸುತ್ತಾಡುತ್ತಿದ್ದರೂ ಯಾರೂ ತಿರುಗಿಸಿ ನೋಡಿಲ್ಲ, ಅಷ್ಟೇ.

ಒಂದು ಅಯಸ್ಕಾಂತ ಸಾಕು

ಫ್ರಿಜ್ಜಿನ ಬಾಗಿಲಿಗೆ ಅಂಟಿಸಿರುವ ಅಯಸ್ಕಾಂತ ತೆಗೆದು ಚಿಲ್ಲರೆ ಹತ್ತಿರ ಹಿಡಿಯಿರಿ. ಕೆಲವು ಅಂಟಿಕೊಳ್ಳುತ್ತವೆ, ಕೆಲವು ಕದಲುವುದೂ ಇಲ್ಲ.

ಕಾರಣ ಲೋಹ. 1975ರಿಂದ 1991ರವರೆಗಿನ 1 ರೂಪಾಯಿ ತಾಮ್ರ ಮತ್ತು ನಿಕ್ಕಲ್ ಬೆರೆಸಿದ ಲೋಹದ್ದು, ಅಯಸ್ಕಾಂತಕ್ಕೆ ಅಂಟಲ್ಲ. 1992ರಿಂದ ಬಂದದ್ದು ಸ್ಟೀಲಿನದು, ಟಪ್ ಅಂತ ಅಂಟುತ್ತದೆ. 5 ರೂಪಾಯಿಯದು ಇನ್ನೂ ಸ್ವಾರಸ್ಯ. 1992ರಲ್ಲಿ ಬಂದ ದಪ್ಪನೆ ಬಿಳಿ 5 ರೂಪಾಯಿ ನೆನಪಿದೆಯಾ? 9 ಗ್ರಾಂ ತೂಕ. ಕಿಸೆಯಲ್ಲಿ ನಾಲ್ಕೈದು ಹಾಕಿಕೊಂಡರೆ ಪ್ಯಾಂಟು ಜಗ್ಗುತ್ತಿತ್ತು. ಅದೂ ತಾಮ್ರ-ನಿಕ್ಕಲ್. 2007ರಲ್ಲಿ ಅದು 6 ಗ್ರಾಂನ ಸ್ಟೀಲ್ ನಾಣ್ಯವಾಯಿತು. 2009ರಿಂದ ಈಗ ನೋಡುತ್ತಿರುವ ಹಳದಿ ಬಣ್ಣದ್ದು, ನಿಕ್ಕಲ್ ಹಿತ್ತಾಳೆಯದು ಬಂತು. ಅಂದರೆ ಒಂದೇ 5 ರೂಪಾಯಿ, ಇಪ್ಪತ್ತು ವರ್ಷದೊಳಗೆ ಮೂರು ಲೋಹ.

ಯಾಕೆ ಹೀಗೆ ಬದಲಾಯಿಸುತ್ತಲೇ ಇರುತ್ತಾರೆ? ತಾಮ್ರ, ನಿಕ್ಕಲ್ ಬೆಲೆ ಏರುತ್ತಾ ಹೋದರೆ ನಾಣ್ಯದೊಳಗಿನ ಲೋಹದ ಬೆಲೆ ಅದರ ಮೇಲೆ ಬರೆದ ಬೆಲೆಯನ್ನೇ ದಾಟಬಹುದು. ಆಗ ಯಾರೋ ಒಬ್ಬ ನಾಣ್ಯ ಕರಗಿಸುವುದಕ್ಕೆ ಶುರು ಮಾಡುತ್ತಾನೆ. 2007ರ ಸುಮಾರಿಗೆ ನಮ್ಮ ನಾಣ್ಯಗಳನ್ನು ಬಾಂಗ್ಲಾದೇಶಕ್ಕೆ ಕದ್ದು ಸಾಗಿಸಿ, ಕರಗಿಸಿ ಶೇವಿಂಗ್ ಬ್ಲೇಡ್ ಮಾಡುತ್ತಿದ್ದಾರೆ ಅನ್ನುವ ಸುದ್ದಿ ಪತ್ರಿಕೆಗಳಲ್ಲಿ ದೊಡ್ಡದಾಗಿ ಬಂದಿತ್ತು. ನಾಣ್ಯ ಕರಗಿಸಿದರೆ, ನಾಶ ಮಾಡಿದರೆ 7 ವರ್ಷದವರೆಗೆ ಜೈಲು ಅಂತ ಕಾಯ್ದೆಯೇ ಹೇಳುತ್ತದೆ. ಅಗ್ಗದ ಲೋಹಕ್ಕೆ ಬದಲಾಯಿಸಿದರೆ ಕರಗಿಸುವವನಿಗೆ ಲಾಭವೇ ಉಳಿಯಲ್ಲ.

ಒಂದು ಎಚ್ಚರಿಕೆ. ಅಂಟಿದ್ದೆಲ್ಲ ಸ್ಟೀಲ್ ಅಲ್ಲ. 1960ರ ದಶಕದ ಕೆಲವು ರೂಪಾಯಿ, ಎಂಟಾಣೆ, ನಾಲ್ಕಾಣೆಗಳು ಶುದ್ಧ ನಿಕ್ಕಲಿನವು, ಅವೂ ಅಯಸ್ಕಾಂತಕ್ಕೆ ಅಂಟುತ್ತವೆ. ಹಾಗಾಗಿ ಇಸವಿ ನೋಡಿ ಆಮೇಲೆ ತೀರ್ಮಾನ ಮಾಡಿ.

ಕಂಡಕ್ಟರ್‌ಗೂ ಗೊಂದಲ ಮಾಡಿದ ನಾಣ್ಯ

ಒಂದೇ ಬೆಲೆಯ ನಾಣ್ಯಕ್ಕೆ ಆಗಾಗ ಹೊಸ ರೂಪ ಬರುತ್ತದೆ. ಒಂದು ರೂಪದಲ್ಲಿ ಬಂದ ನಾಣ್ಯಗಳನ್ನೆಲ್ಲ ಒಟ್ಟಿಗೆ ಸರಣಿ ಅನ್ನುತ್ತಾರೆ. ಈಗಲೂ ಚಿಲ್ಲರೆಯಲ್ಲಿ ನಾಲ್ಕೈದು ಸರಣಿ ಒಟ್ಟೊಟ್ಟಿಗೆ ಓಡಾಡುತ್ತಿವೆ.

1992ರಿಂದ ಬಂದ 1 ರೂಪಾಯಿಯಲ್ಲಿ ಧಾನ್ಯದ ತೆನೆ ಇತ್ತು, ಹನ್ನೊಂದು ಮೂಲೆಯ 2 ರೂಪಾಯಿಯಲ್ಲಿ ಭಾರತದ ಭೂಪಟ. 2005ರ ಸುಮಾರಿಗೆ ನಾಲ್ಕು ಗೆರೆ ಒಂದನ್ನೊಂದು ದಾಟುವ, ನಾಲ್ಕು ಮೂಲೆಗೂ ಚುಕ್ಕಿ ಇರುವ ವಿನ್ಯಾಸ ಬಂತು. ಅನೇಕತೆಯಲ್ಲಿ ಏಕತೆ ಅನ್ನುವುದು ಅದರ ಅರ್ಥ. ಅದು ಶಿಲುಬೆ ಕಂಡಂತೆ ಕಾಣುತ್ತದೆ ಅಂತ ಕೆಲವರು ತಕರಾರು ತೆಗೆದರು. 2007ರಲ್ಲಿ ಅದರ ಜಾಗಕ್ಕೆ ಹಸ್ತಮುದ್ರೆ ಸರಣಿ ಬಂತು: 1 ರೂಪಾಯಿಗೆ ಹೆಬ್ಬೆರಳು, 2 ರೂಪಾಯಿಗೆ ಎರಡು ಬೆರಳು, ಎಂಟಾಣೆಗೆ ಮುಷ್ಟಿ. 2011ರಲ್ಲಿ ರೂಪಾಯಿಯ ಹೊಸ ಚಿಹ್ನೆ ಹೊತ್ತ ನಾಣ್ಯಗಳು ಬಂದವು, ಚಿಹ್ನೆಯನ್ನು ಅದರ ಹಿಂದಿನ ವರ್ಷ ಒಪ್ಪಿಕೊಂಡಿದ್ದರು. 2019ರಲ್ಲಿ ಮತ್ತೆ ಧಾನ್ಯ. ಜೊತೆಗೆ ಹನ್ನೆರಡು ಮೂಲೆಯ 20 ರೂಪಾಯಿ ಮೊದಲ ಸಲ ಬಂತು. ಕಣ್ಣು ಕಾಣದವರು ಮುಟ್ಟಿಯೇ ಗುರುತಿಸಲಿ ಅಂತ ಈ ಸರಣಿಯಲ್ಲಿ ಬೆಲೆ ಹೆಚ್ಚಿದಂತೆ ಗಾತ್ರ, ತೂಕ ಹೆಚ್ಚಿಸಿದ್ದಾರೆ.

ಅದಕ್ಕೆ ಮುಂಚೆ ಆದ ಅವಾಂತರ ನೋಡಿ. 1992ರ ಸ್ಟೀಲ್ 1 ರೂಪಾಯಿ ಒಂದನ್ನು, 2011ರ ನಂತರದ 2 ರೂಪಾಯಿ ಒಂದನ್ನು ಜೋಡಿಸಿ ಹಿಡಿಯಿರಿ. ಎರಡೂ 25 ಮಿಲಿಮೀಟರ್ ಅಗಲ. ಎರಡೂ 4.85 ಗ್ರಾಂ. ಎರಡೂ ಸ್ಟೀಲ್. ಕತ್ತಲೆಯಲ್ಲಿ, ತುಂಬಿದ ಬಸ್ಸಿನಲ್ಲಿ, ಕಂಡಕ್ಟರ್ ಬೆರಳಿಗೆ ಯಾವುದು ಒಂದು ಯಾವುದು ಎರಡು ಅಂತ ಹೇಗೆ ತಿಳಿಯಬೇಕು? ಒಂದರ ಬದಲು ಎರಡು ಕೊಟ್ಟು ಕೈ ಸುಟ್ಟುಕೊಂಡವರೂ ಉಂಟು, ಎರಡರ ಜಾಗಕ್ಕೆ ಒಂದನ್ನು ಇಸಿದುಕೊಂಡು ಆಮೇಲೆ ಗೊಣಗಿದವರೂ ಉಂಟು. ಈ ಎರಡು ನಾಣ್ಯ ಪಕ್ಕಪಕ್ಕ ಇಟ್ಟರೆ ನಿಮ್ಮ ಸಂಗ್ರಹದ ಮೊದಲ ಜೋಡಿ ಸಿದ್ಧ, ಖರ್ಚು ಮೂರು ರೂಪಾಯಿ.

10 ರೂಪಾಯಿ ನಾಣ್ಯದ ಕಥೆಯೂ ಹೇಳಲೇಬೇಕು, ಯಾಕೆಂದರೆ ನಮ್ಮ ಕಡೆ ಎಷ್ಟೋ ಊರುಗಳಲ್ಲಿ ಅಂಗಡಿಯವರು "ಇದು ನಡೆಯಲ್ಲ" ಅಂತ ವಾಪಸ್ ಕೊಡುತ್ತಾರೆ. ಮೊದಲು ಬಂದ ಒಂದು ವಿನ್ಯಾಸದಲ್ಲಿ 15 ಕಿರಣಗಳಿದ್ದವು, ರೂಪಾಯಿ ಚಿಹ್ನೆ ಇರಲಿಲ್ಲ. 2011ರಿಂದ ಬಂದದ್ದರಲ್ಲಿ 10 ಕಿರಣ, ಜೊತೆಗೆ ಚಿಹ್ನೆ. ಇದರಲ್ಲಿ ಒಂದು ನಕಲಿ ಅಂತ ಯಾರೋ ಹಬ್ಬಿಸಿದರು. 2018ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ಸ್ಪಷ್ಟ ಮಾಡಿತು: ಅಲ್ಲಿಯವರೆಗೆ 10 ರೂಪಾಯಿಯನ್ನು 14 ವಿನ್ಯಾಸಗಳಲ್ಲಿ ಬಿಡಲಾಗಿದೆ, ಎಲ್ಲವೂ ಚಲಾವಣೆಯಲ್ಲಿವೆ ಅಂತ. ಅಂಗಡಿಯವರು ಬೇಡ ಅಂದ ನಾಣ್ಯ ಸಂಗ್ರಹಕಾರನಿಗೆ ಲಾಭವೇ. ಆ 14ರಲ್ಲಿ ಎಷ್ಟು ಸಿಗುತ್ತವೆ ಅಂತ ಹುಡುಕುವುದೇ ಒಂದು ಒಳ್ಳೆ ಕೆಲಸ.

ಎಂಟಾಣೆ ಇನ್ನೂ ನಡೆಯುತ್ತದೆ, ಗೊತ್ತಾ?

50 ಪೈಸೆ ಕಾನೂನು ಪ್ರಕಾರ ಈಗಲೂ ಚಲಾವಣೆಯಲ್ಲಿದೆ. ಅಂಗಡಿಯಲ್ಲಿ ಕೊಟ್ಟರೆ ನಗುತ್ತಾರೆ, ಅದು ಬೇರೆ ಮಾತು. 25 ಪೈಸೆ ಮತ್ತು ಅದಕ್ಕಿಂತ ಕಮ್ಮಿ ಬೆಲೆಯವನ್ನು ಮಾತ್ರ 2011ರ ಜೂನ್ 30ಕ್ಕೆ ವಾಪಸ್ ಪಡೆದರು.

ಅಂದಹಾಗೆ 50 ಪೈಸೆಗೆ ಎಂಟಾಣೆ, 25 ಪೈಸೆಗೆ ನಾಲ್ಕಾಣೆ ಅನ್ನುತ್ತಿರೋದು 1957ಕ್ಕೆ ಮುಂಚಿನ ಲೆಕ್ಕ. ಆಗ ರೂಪಾಯಿಗೆ 16 ಆಣೆ, ಆಣೆಗೆ 4 ಪೈಸೆ. 1957ರ ಏಪ್ರಿಲ್ 1ರಿಂದ ರೂಪಾಯಿಗೆ 100 ಪೈಸೆ ಆಯಿತು. ಹಳೇ ಪೈಸೆಗೂ ಹೊಸದಕ್ಕೂ ಗೊಂದಲ ಆಗಬಾರದು ಅಂತ ಹೊಸದನ್ನು "ನಯಾ ಪೈಸೆ" ಅಂತ ಕರೆದರು. 1964ರಲ್ಲಿ "ನಯಾ" ಬಿಟ್ಟುಹೋಯಿತು. ಮನೆಯ ಡಬ್ಬಿಯಲ್ಲಿ "ನಯೇ ಪೈಸೆ" ಅಂತ ಹಿಂದಿಯಲ್ಲಿ ಬರೆದ ನಾಣ್ಯ ಸಿಕ್ಕರೆ ಅದು ಆ ಏಳು ವರ್ಷದ ಕಾಲದ್ದು. ಆರು ಮೂಲೆಯ ಹಗುರ ಅಲ್ಯೂಮಿನಿಯಂ ಮೂರು ಪೈಸೆ, ಕಮಲದ ಹೂವಿನ ಹಳದಿ 20 ಪೈಸೆ, ಘೇಂಡಾಮೃಗದ 25 ಪೈಸೆ, ಇವೆಲ್ಲ ಡಬ್ಬಿಯಲ್ಲೇ ಹುಡುಕಬೇಕಾದವು. ಜೇಬಿಗೆ ಇನ್ನು ಬರಲ್ಲ.

ನೆನಪಿಗೆ ಹೊರಡಿಸಿದ ನಾಣ್ಯಗಳು

ಯಾರಾದರೂ ದೊಡ್ಡವರ ಜನ್ಮ ಶತಮಾನೋತ್ಸವ, ಸಂಸ್ಥೆಯ ಐವತ್ತು ವರ್ಷ, ಹೀಗೆ ಸಂದರ್ಭ ನೋಡಿ ಸರ್ಕಾರ ಹೊರಡಿಸುವುದು ಸ್ಮರಣಾರ್ಥ ನಾಣ್ಯ. ಸ್ವತಂತ್ರ ಭಾರತದಲ್ಲಿ ಇದು ಶುರುವಾದದ್ದು 1964ರಲ್ಲಿ, ನೆಹರೂ ತೀರಿಕೊಂಡ ಮೇಲೆ.

ಇದರಲ್ಲಿ ಎರಡು ಬಗೆ. 75, 100, 150 ರೂಪಾಯಿ ಅಂತೆಲ್ಲ ಬೆಲೆ ಬರೆದಿರುವವು ಚಲಾವಣೆಗೆ ಬರುವುದೇ ಇಲ್ಲ. ಟಂಕಸಾಲೆಗಳು ಅವನ್ನು ಡಬ್ಬಿಯಲ್ಲಿ ಹಾಕಿ ಸಂಗ್ರಹಕಾರರಿಗೆ ಮಾರುತ್ತವೆ. ಇನ್ನೊಂದು ಬಗೆ 1, 2, 5, 10 ರೂಪಾಯಿಯಲ್ಲಿ ಬಂದು ಮಾಮೂಲಿ ಚಿಲ್ಲರೆ ಜೊತೆ ಸೇರಿಬಿಡುತ್ತವೆ. ನಮಗೆ ಬೇಕಾದದ್ದು ಇವು.

ಕನ್ನಡದವರು ಮೊದಲು ಹುಡುಕಬೇಕಾದದ್ದು 2006ರ 5 ರೂಪಾಯಿ, ಅದರಲ್ಲಿ ಬಸವಣ್ಣ ಇದ್ದಾರೆ. ರೈಲ್ವೆಗೆ 150 ವರ್ಷ ತುಂಬಿದ್ದಕ್ಕೆ 2003ರಲ್ಲಿ ಬಂದ 2 ರೂಪಾಯಿಯಲ್ಲಿ ಲಾಟೀನು ಹಿಡಿದ ಆನೆ ಭೋಲು ಇದೆ, ಮಕ್ಕಳಿಗೆ ತೋರಿಸಿದರೆ ಬಿಡುವುದೇ ಇಲ್ಲ. 2009ರ ಲೂಯಿ ಬ್ರೈಲ್ 2 ರೂಪಾಯಿ, ತಂಜಾವೂರಿನ ದೊಡ್ಡ ದೇವಸ್ಥಾನಕ್ಕೆ ಸಾವಿರ ವರ್ಷ ತುಂಬಿದಾಗ ಬಂದ 5 ರೂಪಾಯಿ, 2010ರ ಕಾಮನ್‌ವೆಲ್ತ್ ಕ್ರೀಡಾಕೂಟದ್ದು, 2015ರ ಯೋಗ ದಿನ ಮತ್ತು ಅಂಬೇಡ್ಕರ್ ಅವರ 10 ರೂಪಾಯಿ, ಇವು ಈಗಲೂ ಸಿಗುತ್ತವೆ. 2022ರ ಸ್ವಾತಂತ್ರ್ಯದ ಅಮೃತ ಮಹೋತ್ಸವದ ಚಿಹ್ನೆ ಹೊತ್ತ ನಾಣ್ಯ ಬಹುಶಃ ಈಗಲೇ ನಿಮ್ಮ ಪರ್ಸಿನಲ್ಲಿದೆ. ವೈಷ್ಣೋದೇವಿಯ ನಾಣ್ಯ 2012ರದ್ದು, 5 ಮತ್ತು 10 ರೂಪಾಯಿ ಎರಡರಲ್ಲೂ ಬಂದಿದೆ.

ತಪ್ಪು ನಾಣ್ಯ ಅಂದರೇನು?

ಟಂಕಸಾಲೆಯಲ್ಲಿ ಏಟು ಬೀಳುವಾಗ ಬಿಲ್ಲೆ ಸರಿಯಾದ ಜಾಗದಲ್ಲಿ ಕೂರದಿದ್ದರೆ ಚಿತ್ರ ಒಂದು ಕಡೆ ಜಾರಿ ಮೂಡುತ್ತದೆ, ಇನ್ನೊಂದು ಕಡೆ ಖಾಲಿ ಉಳಿಯುತ್ತದೆ. ಅಚ್ಚು ಬಿರುಕು ಬಿಟ್ಟಿದ್ದರೆ ಆ ಬಿರುಕೇ ನಾಣ್ಯದ ಮೇಲೆ ಎದ್ದ ಗೆರೆಯಾಗಿ ಕಾಣುತ್ತದೆ. ಹಿಂದಿನ ನಾಣ್ಯ ಅಚ್ಚಿಗೇ ಅಂಟಿಕೊಂಡು ಉಳಿದಿದ್ದರೆ ಮುಂದಿನದರ ಮೇಲೆ ಸಿಂಹ ತಿರುಗುಮುರುಗಾಗಿ, ತಗ್ಗಾಗಿ ಮೂಡುತ್ತದೆ. ಇಂಥವು ಪರೀಕ್ಷೆಯಲ್ಲಿ ತಪ್ಪಿಸಿಕೊಂಡು ಹೊರಗೆ ಬಂದರೆ ಸಂಗ್ರಹಕಾರರು ಹುಡುಕಿಕೊಂಡು ಬರುತ್ತಾರೆ.

ತೊಂದರೆ ಏನೆಂದರೆ ಟಂಕಸಾಲೆಯ ಹೊರಗೆ ಹಾಳಾದದ್ದನ್ನೂ ಜನ ತಪ್ಪು ನಾಣ್ಯ ಅಂದುಕೊಳ್ಳುತ್ತಾರೆ. ಸುತ್ತಿಗೆ ಏಟು ಬಿದ್ದದ್ದು, ಬೆಂಕಿಗೆ ಬಿದ್ದು ಕಪ್ಪಾದದ್ದು, ಹುಡುಗರು ರೈಲು ಹಳಿಯ ಮೇಲಿಟ್ಟು ಚಪ್ಪಟೆ ಮಾಡಿದ್ದು, ಇವಕ್ಕೆಲ್ಲ ಏನೂ ಬೆಲೆಯಿಲ್ಲ. ಹೇಗೆ ಗೊತ್ತಾಗುತ್ತದೆ? ಏಟಿನ ಸಮಯದಲ್ಲಿ ಆದ ತಪ್ಪಿನಲ್ಲಿ ಲೋಹ ನಯವಾಗಿ ಹರಿದಿರುತ್ತದೆ, ಗೆರೆ ಎದ್ದು ನಿಂತಿರುತ್ತದೆ. ಆಮೇಲೆ ಆದ ಗಾಯದಲ್ಲಿ ಲೋಹ ಕೆತ್ತಿಹೋಗಿರುತ್ತದೆ, ಗೆರೆ ಒಳಗೆ ತಗ್ಗಾಗಿರುತ್ತದೆ. ಉಗುರು ಆಡಿಸಿದರೂ ವ್ಯತ್ಯಾಸ ತಿಳಿಯುತ್ತದೆ.

ಬೆಲೆ ಬರುವುದು ಯಾವುದಕ್ಕೆ?

ಹಳೇದಾದರೆ ಬೆಲೆ ಜಾಸ್ತಿ ಅನ್ನುವುದು ತಪ್ಪು ತಿಳಿವಳಿಕೆ. ಕೋಟಿಗಟ್ಟಲೆ ಅಚ್ಚಾದ ನಾಣ್ಯ ಐವತ್ತು ವರ್ಷ ಕಳೆದರೂ ಬೇಕಾದಷ್ಟು ಉಳಿದಿರುತ್ತದೆ. ಘೇಂಡಾಮೃಗದ ನಾಲ್ಕಾಣೆ ಇಷ್ಟ ಆಗುತ್ತದೆ ನಿಜ, ಆದರೆ ಅದು ಅಪರೂಪ ಅಲ್ಲವೇ ಅಲ್ಲ, ಮನೆಮನೆಯಲ್ಲೂ ಇದೆ. ಎಷ್ಟು ಅಚ್ಚಾಯಿತು, ಅದರಲ್ಲಿ ಎಷ್ಟು ಒಳ್ಳೇ ಸ್ಥಿತಿಯಲ್ಲಿ ಉಳಿದಿದೆ, ಅದನ್ನು ಬೇಕು ಅನ್ನುವವರು ಎಷ್ಟು ಜನ, ಬೆಲೆ ನಿಲ್ಲುವುದು ಇದರ ಮೇಲೆ. ಅದೇ ಇಸವಿ, ಅದೇ ಗುರುತಿನ ಎರಡು ನಾಣ್ಯದಲ್ಲಿ ಒಂದು ಸವೆದು ನುಣ್ಣಗಾಗಿದ್ದರೆ ಅದು ಬರೆದಷ್ಟೇ ಬೆಲೆ, ಇನ್ನೊಂದು ಚಲಾವಣೆಗೇ ಬರದೆ ಹೊಳಪು ಉಳಿಸಿಕೊಂಡಿದ್ದರೆ ಅದಕ್ಕೆ ನಾಲ್ಕು ಕಾಸು ಜಾಸ್ತಿ. ಇದಕ್ಕೆ ವ್ಯಾಪಾರಿಗಳು "ಯುಎನ್‌ಸಿ" ಅನ್ನುತ್ತಾರೆ, ಅಂದರೆ ಯಾರ ಕೈಗೂ ಹೋಗದ ನಾಣ್ಯ.

ಈಗ ಆ 10 ಲಕ್ಷ. ಈ ಮೋಸ ನಡೆಯುವುದು ಹೀಗೆ. ನೀವು ಫೋಟೊ ಹಾಕಿದ ತಕ್ಷಣ ಒಬ್ಬ ಫೋನ್ ಮಾಡುತ್ತಾನೆ. ಬೆಲೆ ಒಪ್ಪುತ್ತಾನೆ, ಚೌಕಾಸಿಯೇ ಮಾಡಲ್ಲ. ಆಮೇಲೆ ನೋಂದಣಿ ಶುಲ್ಕ ಇಷ್ಟು ಕಟ್ಟಿ, ಜಿಎಸ್‌ಟಿ ಕಟ್ಟಿ, ರಿಸರ್ವ್ ಬ್ಯಾಂಕ್ ಅನುಮತಿಗೆ ಕಮಿಷನ್ ಕಟ್ಟಿ ಅಂತ ಒಂದೊಂದಾಗಿ ಕೇಳುತ್ತಾನೆ, ಬ್ಯಾಂಕಿನ ಮುದ್ರೆ ಇರುವ ಪತ್ರವನ್ನೂ ಕಳಿಸುತ್ತಾನೆ. ಕೊಳ್ಳುವವನು ದುಡ್ಡು ಕೊಡಬೇಕು, ಇಲ್ಲಿ ಮಾರುವವರೇ ಕಟ್ಟುತ್ತಾ ಹೋಗುತ್ತಾರೆ. 2021ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕ್ ಇದರ ಬಗ್ಗೆ ಪ್ರಕಟಣೆಯನ್ನೇ ಹೊರಡಿಸಿತು: ಹಳೇ ನೋಟು, ನಾಣ್ಯದ ವ್ಯವಹಾರಕ್ಕೆ ತಾನು ಯಾವ ಶುಲ್ಕ, ಕಮಿಷನ್ ಕೇಳುವುದಿಲ್ಲ, ಯಾರಿಗೂ ಆ ಅಧಿಕಾರ ಕೊಟ್ಟಿಲ್ಲ ಅಂತ. ದುಡ್ಡು ಹೋಗಿದ್ದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ, ಅದು ಸೈಬರ್ ವಂಚನೆಯ ಸಹಾಯವಾಣಿ.

ಇದರ ಅಣ್ಣತಮ್ಮಂದಿರೂ ಇದ್ದಾರೆ. ಒಂದು, ರಾಮ ಪಟ್ಟಾಭಿಷೇಕ ಅಥವಾ ಹನುಮಂತನ ಚಿತ್ರದ "ಈಸ್ಟ್ ಇಂಡಿಯಾ ಕಂಪನಿ 1818" ತಾಮ್ರದ ನಾಣ್ಯ. ಕಂಪನಿ ಅಂಥ ನಾಣ್ಯ ಹೊರಡಿಸಿಯೇ ಇಲ್ಲ, ಅವು ಆಮೇಲೆ ಯಾರೋ ಮಾಡಿದ ಬಿಲ್ಲೆಗಳು. ಇನ್ನೊಂದು "ರೈಸ್ ಪುಲ್ಲಿಂಗ್", ಅಕ್ಕಿ ಕಾಳನ್ನು ಎಳೆಯುವ ದೈವಶಕ್ತಿಯ ನಾಣ್ಯ ಅಂತ ಕೋಟಿ ಲೆಕ್ಕದಲ್ಲಿ ಮಾತಾಡುತ್ತಾರೆ. ಬೆಂಗಳೂರಿನಲ್ಲೇ ಪೊಲೀಸರು ಇಂಥವರನ್ನು ಎಷ್ಟೋ ಸಲ ಹಿಡಿದಿದ್ದಾರೆ.

ಹುಣಸೆಹಣ್ಣು ದೂರ ಇಡಿ

ನಾಣ್ಯ ಕೊಳೆಯಾಗಿದೆ ಅಂತ ಹುಣಸೆಹಣ್ಣು, ಪೀತಾಂಬರಿ, ಬೂದಿ, ಟೂತ್‌ಪೇಸ್ಟ್ ಹಾಕಿ ತಿಕ್ಕಬೇಡಿ. ದೇವರ ದೀಪಕ್ಕೆ ಅದು ಸರಿ. ನಾಣ್ಯದ ಮೇಲೆ ಅದರ ಹುಳಿ, ಪುಡಿ ಎರಡೂ ಮೇಲ್ಪದರವನ್ನೇ ತಿಂದುಹಾಕುತ್ತವೆ. ಹೊಳೆಯುತ್ತದೆ, ಆದರೆ ಭೂತಗನ್ನಡಿಯಲ್ಲಿ ನೋಡಿದರೆ ಕೂದಲೆಳೆಯ ಗೀರುಗಳು ತುಂಬಿರುತ್ತವೆ. ತಿಕ್ಕಿದ ನಾಣ್ಯ ನೋಡಿದ ಕ್ಷಣವೇ ಬಲ್ಲವರು ಪಕ್ಕಕ್ಕಿಡುತ್ತಾರೆ. ಮಣ್ಣು ಹತ್ತಿದ್ದರೆ ಬರೀ ನೀರಿನಲ್ಲಿ ನೆನೆಸಿ, ಮೆತ್ತನೆ ಬಟ್ಟೆಯಲ್ಲಿ ಉಜ್ಜದೆ ಒತ್ತಿ ಒರೆಸಿ.

ಮುಯ್ಯಿ ಕವರಿನ ಮೇಲೆ ಅಂಟಿಸಿರುವ 1 ರೂಪಾಯಿ ನಾಣ್ಯ ಗೊತ್ತಲ್ಲ, ಮದುವೆ ಮನೆಯವರ ಹತ್ತಿರ ಕೇಳಿದರೆ ರಾಶಿ ಸಿಗುತ್ತದೆ. ಎಷ್ಟೋ ಸಲ ಅವು ಹೊಸವೇ ಇರುತ್ತವೆ, ಹೊಳಪೂ ಇರುತ್ತದೆ. ಗೋಂದನ್ನು ಚಾಕುವಿನಲ್ಲಿ ಕೆರೆಯಬೇಡಿ, ನೀರಿನಲ್ಲಿ ರಾತ್ರಿ ಬಿಟ್ಟರೆ ತಾನೇ ಬಿಡುತ್ತದೆ.

ಹಿಡಿಯುವಾಗ ಎರಡು ಬೆರಳಿನಲ್ಲಿ ಅಂಚು ಹಿಡಿಯಿರಿ. ಬೆರಳಿನ ಬೆವರು ಮುಖದ ಮೇಲೆ ಕೂತರೆ ಕೆಲವು ತಿಂಗಳಲ್ಲಿ ಅಲ್ಲೇ ಬೆರಳಚ್ಚು ಕಪ್ಪಾಗಿ ಉಳಿಯುತ್ತದೆ. ಇಡುವುದಕ್ಕೆ ನಡುವೆ ಪಾರದರ್ಶಕ ಕಿಟಕಿ ಇರುವ ರಟ್ಟಿನ ಹೋಲ್ಡರ್ ಒಳ್ಳೆಯದು. ಅಗ್ಗದ ಮೆತ್ತನೆ ಪಿವಿಸಿ ಪ್ಲಾಸ್ಟಿಕ್ ಪಾಕೆಟ್ ವರ್ಷಗಳು ಕಳೆದಂತೆ ಅಂಟಂಟಾಗಿ ನಾಣ್ಯಕ್ಕೆ ಹಸಿರು ಪಾಚಿ ಬಣ್ಣ ಹಿಡಿಸುತ್ತದೆ. ರಬ್ಬರ್ ಬ್ಯಾಂಡ್ ಬೇಡ, ಅದರಲ್ಲಿ ಗಂಧಕ ಇರುತ್ತದೆ. ಕರಾವಳಿ, ಮಲೆನಾಡಿನವರು ಮಳೆಗಾಲಕ್ಕೆ ಸಿಲಿಕಾ ಜೆಲ್ ಪುಟ್ಟ ಚೀಲಗಳನ್ನು ಡಬ್ಬಿಯೊಳಗೆ ಹಾಕಿಡಿ. ಹೊಸ ಚಪ್ಪಲಿ ಪೆಟ್ಟಿಗೆಯಲ್ಲಿ ಬರುತ್ತಲ್ಲ, ಅದೇ.

ಮೊದಲು ಯಾವುದನ್ನು ಕೂಡಿಸಬೇಕು?

ಎಲ್ಲವನ್ನೂ ಕೂಡಿಸಲು ಹೊರಟರೆ ಒಂದು ತಿಂಗಳಿಗೇ ಸುಸ್ತು. ಒಂದು ಸಣ್ಣ ಗುರಿ ಇಟ್ಟುಕೊಳ್ಳಿ. ಸುಲಭದ್ದು ಅಂದರೆ ನೀವು ಹುಟ್ಟಿದ ವರ್ಷದ ನಾಣ್ಯಗಳು, ಮನೆಯವರೆಲ್ಲರ ಹುಟ್ಟಿದ ವರ್ಷದವು. ಸ್ವಲ್ಪ ಉದ್ದದ್ದು ಬೇಕೆಂದರೆ 1992ರಿಂದ ಈಚಿನ 1 ರೂಪಾಯಿ, ವರ್ಷಕ್ಕೊಂದು. ಅದು ತುಂಬಿದ ಮೇಲೆ ವರ್ಷಕ್ಕೆ ಒಂದರ ಬದಲು ನಾಲ್ಕೂ ಟಂಕಸಾಲೆಯದು. ಎಲ್ಲ ವರ್ಷವೂ ನಾಲ್ಕೂ ಕಡೆ ಎಲ್ಲ ಬೆಲೆಯ ನಾಣ್ಯ ಮಾಡಿರುವುದಿಲ್ಲ, ಹಾಗಾಗಿ ಇಲ್ಲದ್ದನ್ನು ಹುಡುಕುತ್ತಾ ಕೂರಬೇಡಿ. ನುಮಿಸ್ಟಾ ಅನ್ನುವ ಉಚಿತ ಜಾಲತಾಣದಲ್ಲಿ ಯಾವ ವರ್ಷ ಎಲ್ಲಿ ಅಚ್ಚಾಯಿತು ಅಂತ ಪಟ್ಟಿ ಇದೆ.

ಒಂದು ನೋಟ್‌ಬುಕ್ ಅಥವಾ ಎಕ್ಸೆಲ್ ಹಾಳೆ ಇಡಿ. ಬೆಲೆ, ಇಸವಿ, ಗುರುತು, ಎಲ್ಲಿ ಸಿಕ್ಕಿತು. ಕೊನೆಯದನ್ನು ಬಹಳ ಜನ ಬರೆಯಲ್ಲ, ನನ್ನ ಕೇಳಿದರೆ ಅದೇ ಮುಖ್ಯ. ಹತ್ತು ವರ್ಷ ಬಿಟ್ಟು ನೋಡಿದಾಗ "ಹಾಸನ ಬಸ್ ಸ್ಟ್ಯಾಂಡ್, ಕಡಲೆಕಾಯಿ" ಅಂತ ಬರೆದದ್ದೇ ಓದಲು ಚೆನ್ನಾಗಿರುತ್ತದೆ.

ಸಿಗುವ ಜಾಗಗಳು: ಕಿರಾಣಿ ಅಂಗಡಿಯ ಗಲ್ಲಾ, ಬಸ್ ಕಂಡಕ್ಟರ್‌ಗಳು (ಟಿಕೆಟ್ ಹಿಂದೆ ಬಾಕಿ ಬರೆದುಕೊಟ್ಟರೆ ಸಿಟ್ಟಾಗಬೇಡಿ, ಇಳಿಯುವಾಗ ನೆನಪು ಮಾಡಿ ನಾಣ್ಯದಲ್ಲೇ ಇಸಿದುಕೊಳ್ಳಿ), ಹುಂಡಿ ಎಣಿಸುವ ದೇವಸ್ಥಾನಗಳ ಹತ್ತಿರದ ಅಂಗಡಿ, ಬ್ಯಾಂಕಿನಲ್ಲಿ ಸಿಗುವ ನಾಣ್ಯದ ಚೀಲ. ದೇವರ ಮನೆಯಲ್ಲಿ ಹಳದಿ ಬಟ್ಟೆಯಲ್ಲಿ ಮುಡಿಪು ಕಟ್ಟಿಟ್ಟ ನಾಣ್ಯ ಎಷ್ಟೇ ಹಳೇದಾಗಿ ಕಂಡರೂ ಮುಟ್ಟುವ ಮುಂಚೆ ಅಮ್ಮನನ್ನೋ ಅಜ್ಜಿಯನ್ನೋ ಕೇಳಿ.

ಜೇಬಿನಿಂದ ಆಚೆಗೆ

ಆಸಕ್ತಿ ಬೆಳೆದರೆ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಹಳೇ ಮನೆಯಲ್ಲಿರುವ ನಾಣ್ಯ ಸಂಗ್ರಹಾಲಯ ನೋಡಿ ಬನ್ನಿ. ಕಾರ್ಪೊರೇಷನ್ ಬ್ಯಾಂಕ್ ಹುಟ್ಟಿದ ಜಾಗ ಅದು.

ಡಬ್ಬಿಯಲ್ಲಿ ವಿಕ್ಟೋರಿಯಾ ರಾಣಿಯ, ಐದನೇ ಜಾರ್ಜ್ ದೊರೆಯ ಬೆಳ್ಳಿ ರೂಪಾಯಿ ಸಿಕ್ಕರೆ ತೂಕ ನೋಡಿ, ಅಸಲಿ 11.66 ಗ್ರಾಂ, ಒಂದು ತೊಲ. ಸವೆದಿದ್ದರೆ ಸ್ವಲ್ಪ ಕಮ್ಮಿ ಬರಬಹುದು. ಅಯಸ್ಕಾಂತಕ್ಕೆ ಅಂಟಿದರೆ ಬೆಳ್ಳಿಯಲ್ಲ. ಇನ್ನು ನೂರು ವರ್ಷ ದಾಟಿದ ನಾಣ್ಯ 1972ರ ಕಾನೂನಿನ ಪ್ರಕಾರ ಪುರಾತನ ವಸ್ತು. ಮನೆಯಲ್ಲಿ ಇಟ್ಟುಕೊಳ್ಳಬಹುದು, ಅನುಮತಿಯಿಲ್ಲದೆ ದೇಶದಿಂದ ಹೊರಗೆ ಒಯ್ಯುವ ಹಾಗಿಲ್ಲ. ಅಮೆರಿಕಕ್ಕೆ ಹೊರಟ ಮೊಮ್ಮಗನ ಸೂಟ್‌ಕೇಸಿಗೆ ಅಜ್ಜಿ ಪ್ರೀತಿಯಿಂದ ವಿಕ್ಟೋರಿಯಾ ರೂಪಾಯಿ ಹಾಕಿದರೆ ವಿಮಾನ ನಿಲ್ದಾಣದಲ್ಲಿ ಉತ್ತರ ಹೇಳಬೇಕಾದವನು ಮೊಮ್ಮಗ. ಬಸವಣ್ಣನ 5 ರೂಪಾಯಿ, ಭೋಲು ಆನೆಯ 2 ರೂಪಾಯಿ ಹಾಕಿ ಕಳಿಸಿದರೆ ಈ ಕಾನೂನಿನ ತಂಟೆ ಇಲ್ಲ.